ನ್ಯೂಯಾರ್ಕಿನ ಕೋ-ಆಪ್ ಫ್ಲ್ಯಾಟ್: ದುಡ್ಡು ಕೊಟ್ಟರೂ ಸಿಗುವುದು ಮನೆಯಲ್ಲ, ಶೇರು

ಒಂದು ಬೆಡ್‌ರೂಮ್, ಹೊಸ ಅಡುಗೆಮನೆ, ಹೊಸ ಬಾತ್‌ರೂಮ್, ಸಬ್‌ವೇ ಸ್ಟೇಷನ್ ನಡೆದು ಹೋಗುವಷ್ಟು ಹತ್ತಿರ. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್‌ನಲ್ಲಿ ಮಾರಾಟಕ್ಕಿರುವ ಫ್ಲ್ಯಾಟ್‌ಗಳ ಜಾಹೀರಾತು ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಗಲ್ಫ್ ಬಿಟ್ಟು ಅಮೆರಿಕ ಕಡೆ ಹೋದ ನಮ್ಮ ಹುಡುಗರಿಗೆ ರೇಟು ನೋಡಿ ಒಳ್ಳೆಯ ವ್ಯಾಪಾರ ಅಂತ ಅನಿಸಬಹುದು. ಆದರೆ ಆ ಜಾಹೀರಾತಿನಲ್ಲಿ 'ಕೋ-ಆಪ್' ಅನ್ನುವ ಪದ ಇದ್ದರೆ ಅಡುಗೆಮನೆಯ ಫೋಟೋ ಬದಿಗಿಟ್ಟು ಮೊದಲು ಕಾಗದಪತ್ರ ಕೇಳಬೇಕು.

ಮಂಜೇಶ್ವರದಲ್ಲೋ ಮಂಗಳೂರಿನಲ್ಲೋ ಫ್ಲ್ಯಾಟ್ ತಗೊಂಡರೆ ಆ ಫ್ಲ್ಯಾಟು, ಜಾಗದಲ್ಲಿ ಅದಕ್ಕೆ ಬರುವ ಪಾಲು ಎರಡೂ ನಿಮ್ಮ ಹೆಸರಿಗೆ ರಿಜಿಸ್ಟ್ರಿ ಆಗುತ್ತದೆ. ಕೋ-ಆಪ್‌ನಲ್ಲಿ ಹಾಗಲ್ಲ. ಇಡೀ ಕಟ್ಟಡದ ಮಾಲಕ ಒಂದು ಕಂಪೆನಿ. ನೀವು ಕೊಳ್ಳುವುದು ಆ ಕಂಪೆನಿಯ ಶೇರುಗಳನ್ನು. ಅದರ ಜೊತೆಗೆ ಇಂಥ ನಂಬರಿನ ಮನೆಯಲ್ಲಿ ವಾಸಿಸಬಹುದು ಅನ್ನುವ ಲೀಸ್ ಪತ್ರ ಸಿಗುತ್ತದೆ. ಹಾಗಾಗಿ ನೀವು ಕಂಪೆನಿಯ ಶೇರುದಾರನೂ ಹೌದು, ಅದೇ ಕಂಪೆನಿಯ ಬಾಡಿಗೆದಾರನೂ ಹೌದು. ತಿಂಗಳ ಮೈಂಟೆನೆನ್ಸ್ ಬಾಕಿ ಇಟ್ಟುಕೊಂಡೇ ಹೋದರೆ ಲೀಸ್ ರದ್ದು ಮಾಡಿ ಹೊರಗೆ ಕಳಿಸುವ ದಾರಿ ಕಂಪೆನಿಗಿದೆ. ಮುಂಬೈಯ ಹೌಸಿಂಗ್ ಸೊಸೈಟಿಗಳಲ್ಲಿ ಇದ್ದವರಿಗೆ ಶೇರ್ ಸರ್ಟಿಫಿಕೇಟ್ ಹೊಸತಲ್ಲ. ಆದರೆ ಅಲ್ಲಿನ ಬೋರ್ಡಿನ ಹಿಡಿತ ಇನ್ನೂ ಬಿಗಿ.

ಬಿಕಾಂನಲ್ಲಿ ಬ್ಯಾಲೆನ್ಸ್ ಶೀಟ್ ಓದಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಉದಾಹರಣೆಗೆ, ಕಂಪೆನಿಯ ಒಟ್ಟು ಶೇರು 20,000, ನಿಮ್ಮ ಮನೆಗೆ 200 ಅಂತ ಇಟ್ಟುಕೊಳ್ಳಿ. ನಿಮ್ಮ ಪಾಲು ನೂರಕ್ಕೆ ಒಂದು. ಕಟ್ಟಡದ ವರ್ಷದ ಖರ್ಚು 12 ಲಕ್ಷ ಡಾಲರ್ ಆದರೆ ನಿಮಗೆ ಬರುವುದು 12,000, ತಿಂಗಳಿಗೆ 1,000 ಡಾಲರ್. ಆಸ್ತಿ ತೆರಿಗೆ, ಚಳಿಗಾಲದ ಹೀಟಿಂಗ್, ಬಿಸಿನೀರು, ಕೆಲಸದವರ ಸಂಬಳ ಎಲ್ಲ ಸಾಮಾನ್ಯವಾಗಿ ಇದರೊಳಗೇ ಬರುತ್ತವೆ. ಇಷ್ಟು ಎಲ್ಲರೂ ಕೇಳುತ್ತಾರೆ. ಕೇಳದೆ ಬಿಡುವುದು ಕಂಪೆನಿ ಇಡೀ ಕಟ್ಟಡವನ್ನು ಅಡವಿಟ್ಟು ತಂದ ಸಾಲದ ಬಗ್ಗೆ. ಆ ಸಾಲ 30 ಲಕ್ಷ ಡಾಲರ್ ಇದ್ದರೆ, ನಿಮ್ಮ ಶೇರಿನ ಬೆನ್ನಿಗೆ 30,000 ಡಾಲರ್ ಸಾಲ ಅಂಟಿಕೊಂಡೇ ಬಂತು ಅಂತ ಲೆಕ್ಕ. ಬಡ್ಡಿಯ ಸಾಲ ಬೇಡ ಅಂತ ಪೂರ್ತಿ ನಗದು ಕೊಟ್ಟು ಕೊಂಡವರು ಕೂಡ ಮೈಂಟೆನೆನ್ಸ್ ಮೂಲಕ ಆ ಬಡ್ಡಿಯ ಪಾಲು ಕಟ್ಟುತ್ತಿರುತ್ತಾರೆ. ಅದರ ಮಸ್ಅಲ ಉಸ್ತಾದರಿಗೆ ಬಿಡೋಣ, ಲೆಕ್ಕ ಮಾತ್ರ ಇದು. ಇದಲ್ಲದೆ 2019ರ 'ಲೋಕಲ್ ಲಾ 97' ಪ್ರಕಾರ 25,000 ಚದರ ಅಡಿ ಮೀರಿದ ಹೆಚ್ಚಿನ ಕಟ್ಟಡಗಳ ಇಂಗಾಲದ ಹೊಗೆಗೆ ಮಿತಿ ಇದೆ. 2024ರಿಂದ ಜಾರಿಯಾದ ಈ ಮಿತಿ 2030ರಿಂದ ಇನ್ನಷ್ಟು ಬಿಗಿಯಾಗುತ್ತದೆ. ಹಳೆಯ ಬಾಯ್ಲರ್ ಬದಲಿಸುವ ಖರ್ಚು ಬಂದರೆ ಅದೂ ಶೇರಿನ ಲೆಕ್ಕದಲ್ಲೇ ಹಂಚಿಕೆಯಾಗುತ್ತದೆ.

ಇನ್ನು 'ನವೀಕರಿಸಿದ ಮನೆ' ಅನ್ನುವ ಮಾತು. ಗೋಡೆಯೊಳಗಿನ ಪೈಪು ಕಂಪೆನಿಯದ್ದು. 1990ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮುಂದೆ ಇಂಥದ್ದೇ ಒಂದು ಕೇಸ್ ಬಂತು. ಮ್ಯಾನ್‌ಹಟನ್‌ನ ಶೇರುದಾರರೊಬ್ಬರು ಅಡುಗೆಮನೆ ದೊಡ್ಡದು ಮಾಡಲು ಹೋಗಿ ಕಟ್ಟಡದ ಹಬೆಯ ಪೈಪನ್ನೇ ಪಕ್ಕಕ್ಕೆ ಸರಿಸಿದ್ದರು. ಬೋರ್ಡು ಕೆಲಸ ನಿಲ್ಲಿಸಲು ಹೇಳಿತು. ಕಂಪೆನಿಯ ಡೈರೆಕ್ಟರುಗಳ ತೀರ್ಮಾನದಲ್ಲಿ ಕೋರ್ಟು ಹೇಗೆ ಸುಲಭಕ್ಕೆ ಕೈ ಹಾಕುವುದಿಲ್ಲವೋ, ಪ್ರಾಮಾಣಿಕವಾಗಿ ಕಟ್ಟಡದ ಹಿತಕ್ಕಾಗಿ ತೆಗೆದುಕೊಂಡ ಕೋ-ಆಪ್ ಬೋರ್ಡಿನ ತೀರ್ಮಾನಕ್ಕೂ ಅದೇ ನ್ಯಾಯ ಅಂತ ತೀರ್ಪು ಬಂತು. ಹಾಗಾಗಿ ಹೊಸ ಟೈಲ್ಸ್ ನೋಡಿ ಮರುಳಾಗಬೇಡಿ. ಹಿಂದಿನವರು ಬೋರ್ಡಿನ ಒಪ್ಪಿಗೆ ಪಡೆದಿದ್ದರಾ, ಬೇಕಿದ್ದ ಕಡೆ ನಗರದ ಪರ್ಮಿಟ್ ಇತ್ತಾ, ಒಳಗಿನ ವಯರಿಂಗ್ ಬದಲಿಸಿದ್ದಾರಾ ಅಥವಾ ಬರೀ ಮೇಲೆ ಬಣ್ಣ ಹೊಡೆದಿದ್ದಾರಾ ಅಂತ ವಕೀಲರ ಮೂಲಕ ಕೇಳಿಸಿ. ಜಾಕ್ಸನ್ ಹೈಟ್ಸ್‌ನ ದೊಡ್ಡ ಭಾಗವನ್ನು 1993ರಲ್ಲಿ ಐತಿಹಾಸಿಕ ಪ್ರದೇಶ ಅಂತ ಘೋಷಿಸಿದ್ದಾರೆ. ಅಲ್ಲಿ ಬೀದಿಗೆ ಕಾಣುವ ಕಿಟಕಿ ಬದಲಿಸಲೂ ಪರವಾನಿಗೆ ಬೇಕು.

ಈ ಊರಿನ ಚರಿತ್ರೆಯನ್ನೂ ಸ್ವಲ್ಪ ತಿಳಿದಿರಬೇಕು. 1909ರ ಹೊತ್ತಿಗೆ ಎಡ್ವರ್ಡ್ ಮೆಕ್‌ಡೂಗಲ್ ಅವರ ಕ್ವೀನ್ಸ್‌ಬರೊ ಕಾರ್ಪೊರೇಷನ್ ಇಲ್ಲಿನ ಕೃಷಿಭೂಮಿ ಕೊಳ್ಳಲು ಶುರು ಮಾಡಿತು. 1917ರಲ್ಲಿ ರೈಲು ಬಂತು. ನಡುವೆ ತೋಟ, ಸುತ್ತ ಮನೆ ಇರುವ ಚೆಂದದ ಕಟ್ಟಡಗಳು ಎದ್ದವು, ಕೋ-ಆಪ್ ಪದ್ಧತಿಯಲ್ಲಿ ಮಾರಾಟವಾದವು. ಆದರೆ ಯಹೂದಿಗಳಿಗೂ ಕಪ್ಪು ಜನರಿಗೂ ಅಲ್ಲಿ ಬಾಗಿಲು ಮುಚ್ಚಿತ್ತು. ನೆರೆಯವನನ್ನು ಆರಿಸಿಕೊಳ್ಳುವ ಅಧಿಕಾರವೇ ಆಗ ಆ ಮನೆಗಳ ಮಾರಾಟದ ಆಕರ್ಷಣೆ. 1965ರ ವಲಸೆ ಕಾನೂನಿನ ನಂತರ ಊರಿನ ಬಣ್ಣವೇ ಬದಲಾಯಿತು. ಈಗ 74ನೇ ಬೀದಿಯಲ್ಲಿ ಭಾರತೀಯರ, ಬಾಂಗ್ಲಾದವರ ಅಂಗಡಿ, ರೂಸ್‌ವೆಲ್ಟ್ ಅವೆನ್ಯೂದಲ್ಲಿ ಕೊಲಂಬಿಯಾ, ಇಕ್ವೆಡಾರ್‌ನವರ ಹೋಟೆಲು, ನಡುವೆ ಟಿಬೆಟಿಯನ್ನರ ಮೊಮೊ. ಹಲಾಲ್ ಮಾಂಸಕ್ಕೆ ದೂರ ಹುಡುಕಬೇಕಿಲ್ಲ.

ಬೀದಿ ಬದಲಾಯಿತು, ಬೋರ್ಡಿನ ಬಾಗಿಲು ಹಾಗೇ ಉಳಿಯಿತು. ಮಾರುವವನು ಒಪ್ಪಿದರೂ ಬೋರ್ಡು ಒಪ್ಪಬೇಕು. ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಶಿಫಾರಸು ಪತ್ರ ಕೊಟ್ಟು ಸಂದರ್ಶನಕ್ಕೆ ಕೂರಬೇಕು. ಮದುವೆಗೆ ಹೆಣ್ಣಿನ ಕಡೆಯವರು ವಿಚಾರಿಸುವುದಕ್ಕಿಂತ ಒಂದು ಕೈ ಜಾಸ್ತಿ! ಜನಾಂಗ, ಧರ್ಮ, ಮೂಲದೇಶ ನೋಡಿ ನಿರಾಕರಿಸುವಂತಿಲ್ಲ ಅಂತ 1968ರ ಫೆಡರಲ್ ಕಾನೂನು ಹೇಳುತ್ತದೆ, ನಗರದ ಮಾನವ ಹಕ್ಕು ಕಾನೂನೂ ಹೇಳುತ್ತದೆ. ಆದರೆ ಕಾರಣ ಕೊಡದೆ 'ಇಲ್ಲ' ಅನ್ನುವ ರೂಢಿ ಬಹುಕಾಲದ್ದು. ಕಾರಣವೇ ಇಲ್ಲದಿದ್ದರೆ ತಾರತಮ್ಯವನ್ನು ಸಾಬೀತು ಮಾಡುವುದು ಹೇಗೆ? ನಮ್ಮ ದೇಶದಲ್ಲಿ ಇನ್ನೊಂದು ಬಗೆ: ಅಹ್ಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯೊಂದು ಸದಸ್ಯತ್ವವನ್ನು ಪಾರ್ಸಿಗಳಿಗೇ ಮೀಸಲಿಡುವುದನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಹೆಸರು ಕೇಳಿದ ಕೂಡಲೇ 'ಮನೆ ಖಾಲಿ ಇಲ್ಲ' ಅನ್ನಿಸಿಕೊಂಡವರಿಗೆ ಎರಡೂ ಕಡೆಯ ವ್ಯತ್ಯಾಸವೂ ಅರ್ಥವಾಗುತ್ತದೆ, ಹೋಲಿಕೆಯೂ ಅರ್ಥವಾಗುತ್ತದೆ. ಅಲ್ಲಿ ಅರ್ಜಿ ಹಾಕುವಾಗ ಪ್ರತಿಯೊಂದು ಪತ್ರವ್ಯವಹಾರವನ್ನೂ ಬರಹದಲ್ಲೇ ಇಟ್ಟುಕೊಳ್ಳಿ. ಅನುಮಾನ ಬಂದರೆ ನಗರದ ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬಹುದು.

ಕೆಲವು ವರ್ಷ ದುಡಿದು ಊರಿಗೆ ಮರಳುವ ಯೋಚನೆ ಇರುವವರು ಇನ್ನೊಂದು ವಿಷಯ ನೋಡಬೇಕು. ಹಲವು ಕೋ-ಆಪ್‌ಗಳಲ್ಲಿ ಮನೆಯನ್ನು ಬಾಡಿಗೆಗೆ ಕೊಡಲು ಬೋರ್ಡಿನ ಅನುಮತಿ ಬೇಕು, ಅದೂ ಇಂತಿಷ್ಟೇ ವರ್ಷ ಅಂತ ಮಿತಿ. ಮಾರುವಾಗ ಕೆಲವು ಕಂಪೆನಿಗಳು 'ಫ್ಲಿಪ್ ಟ್ಯಾಕ್ಸ್' ಅಂತ ಒಂದು ಪಾಲು ಹಿಡಿಯುತ್ತವೆ. ಹೆಸರು ಟ್ಯಾಕ್ಸ್ ಆದರೂ ಅದು ಸರಕಾರಕ್ಕಲ್ಲ, ಕಂಪೆನಿಯ ಖಾತೆಗೆ ಹೋಗುತ್ತದೆ. ಈ ಎರಡೂ ವಿಷಯ ಲೀಸ್, ಬೈಲಾ ಮತ್ತು ಬೋರ್ಡಿನ ನಿಯಮಗಳಲ್ಲಿ ಇರುತ್ತವೆ. ಕಂಪೆನಿಯ ಹಣಕಾಸು ವರದಿಯ ಜೊತೆಗೆ ಅವನ್ನೂ ತರಿಸಿ ಓದಿದ ಮೇಲೆಯೇ ಮುಂಗಡ ಕೊಡಿ.