ಬಿರುಗಾಳಿಯ ಹೊಣೆ ಹೊತ್ತವರು

ನಾರ್ವೆಯ ಪೂರ್ವದ ತುತ್ತತುದಿಯ ವಾರ್ಡೋ ದ್ವೀಪದಲ್ಲಿ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಮರವೆಂಬುದು ಅಪರೂಪ. ನೆಲಕ್ಕೆ ಅಂಟಿಕೊಂಡ ಹುಲ್ಲು, ಬೋಳು ಬಂಡೆ, ಕೆಂಪು ಹಳದಿ ಬಣ್ಣ ಬಳಿದ ಹಲಗೆಯ ಮನೆಗಳು, ಅವುಗಳ ಕಿಟಕಿಯ ಅಂಚಿನಲ್ಲೇ ಗೂಡು ಕಟ್ಟಿ ದಿನವಿಡೀ ಕಿರುಚುವ ಕಡಲಹಕ್ಕಿಗಳು, ಅದರಾಚೆಗೆ ಸೀಸದ ಬಣ್ಣದ ಬ್ಯಾರೆಂಟ್ಸ್ ಕಡಲು. ಊರಿಗೆ ಬರುವ ರಸ್ತೆಯೂ ಕಡಲಿನಡಿಯ ಸುರಂಗದೊಳಗೆ ನುಗ್ಗಿ ಬರಬೇಕು. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಜನವರಿ ನಡು ದಾಟಿದ ಮೇಲೆ.

ಈ ಕರಾವಳಿಯ ಹಳೆಯ ಕಸುಬು ಒಣಮೀನು. ಮಲ್ಪೆಯ ದಕ್ಕೆಯ ಕಡೆ ಓಡಾಡಿದವರಿಗೆ ಒಣಮೀನಿನ ವಾಸನೆ ಹೊಸದೇನಲ್ಲ, ಆದರೆ ಇಲ್ಲಿ ಉಪ್ಪು ಸೋಕಿಸುವುದಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಹಿಡಿದ ಕಾಡ್ ಮೀನುಗಳ ತಲೆ ಕತ್ತರಿಸಿ, ಕರುಳು ತೆಗೆದು, ಬಾಲಕ್ಕೆ ಬಾಲ ಕಟ್ಟಿ ಜೋಡಿ ಜೋಡಿಯಾಗಿ ಉದ್ದನೆಯ ಮರದ ಚಪ್ಪರಗಳ ಮೇಲೆ ತೂಗುಬಿಡುತ್ತಾರೆ. ಮಿಕ್ಕ ಕೆಲಸವೆಲ್ಲ ಗಾಳಿಯದು. ತಿಂಗಳುಗಟ್ಟಲೆ ಅಲ್ಲಾಡಿ ಅಲ್ಲಾಡಿ ಮೀನು ಕಟ್ಟಿಗೆಯಾಗುತ್ತದೆ, ಒಂದಕ್ಕೊಂದು ತಾಗಿದಾಗ ಟಕಟಕ ಸದ್ದು ಮಾಡುತ್ತದೆ. ಶತಮಾನಗಳ ಕಾಲ ಈ ಕಟ್ಟಿಗೆಮೀನು ದಕ್ಷಿಣದ ಬರ್ಗೆನ್ ಪಟ್ಟಣದ ವರ್ತಕರ ಕೈಸೇರುತ್ತಿತ್ತು. ಅಲ್ಲಿಂದ ಹಿಟ್ಟು, ಬಟ್ಟೆ, ಹಗ್ಗ ಸಾಲವಾಗಿ ಬರುತ್ತಿತ್ತು. ಮೀನು ಕೈಕೊಟ್ಟ ವರ್ಷ ಸಾಲ ಬೆಳೆಯುತ್ತಿತ್ತು.

ಚರ್ಚು ದಾಟಿ ಕಡಲದಂಡೆಗೆ ಇಳಿಯೋಣ ಬನ್ನಿ. ದೂರದಿಂದ ನೋಡಿದರೆ ಅಲ್ಲೂ ಒಂದು ಮೀನಿನ ಚಪ್ಪರ ನಿಂತಂತೆ ಕಾಣುತ್ತದೆ, ಆದರೆ ತೀರಾ ಉದ್ದ, ನೂರು ಮೀಟರಿಗೂ ಮಿಕ್ಕಿ. ಮರದ ಕಂಬಗಳ ನಡುವೆ ಹಾಯಿಬಟ್ಟೆಯ ಬಿಳಿಯ ಕೊಳವೆಯೊಂದನ್ನು ಎಳೆದು ಬಿಗಿದಿದ್ದಾರೆ. ಬಾಗಿಲು ನೂಕಿ ಒಳಹೊಕ್ಕರೆ ಕತ್ತಲು, ಸಪೂರ ಓಣಿ, ಕಾಲಡಿ ಹಲಗೆ. ಹೊರಗೆ ಬಟ್ಟೆ ಪಟಪಟ ಬಡಿದುಕೊಳ್ಳುತ್ತದೆ, ಇಡೀ ಓಣಿ ಉಸಿರಾಡುತ್ತಿರುತ್ತದೆ. ಗೋಡೆಯುದ್ದಕ್ಕೂ ಒಂದು ಮೇಲೆ, ಒಂದು ಕೆಳಗೆ, ಲೆಕ್ಕವಿಲ್ಲದಂತೆ ಪುಟ್ಟ ಪುಟ್ಟ ಕಿಟಕಿಗಳು. ಪ್ರತಿ ಕಿಟಕಿಯಲ್ಲಿ ತೂಗುಬಿಟ್ಟ ಒಂದೇ ಒಂದು ಬಲ್ಬು, ಅದರ ಪಕ್ಕ ರೇಷ್ಮೆಯ ತುಂಡಿನ ಮೇಲೆ ಅಚ್ಚಾದ ಒಂದು ಹೆಸರು. ಇಂಥವರ ಹೆಂಡತಿ, ಇಂಥ ಊರಿನವಳು, ಇಂಥ ದಿನ ಹಿಡಿದು ತಂದರು, ಇಂಥದ್ದನ್ನು ಒಪ್ಪಿಕೊಂಡಳು, ಸುಡಲಾಯಿತು. ಮುಂದಿನ ಕಿಟಕಿಯಲ್ಲೂ ಅದೇ. ಅದರ ಮುಂದಿನದರಲ್ಲೂ. ಲೆಕ್ಕವಿಲ್ಲವೆಂದುಕೊಂಡ ಕಿಟಕಿಗಳಿಗೆ ಲೆಕ್ಕವಿದೆ: 91. 1600ರಿಂದ 1692ರವರೆಗೆ ಫಿನ್‌ಮಾರ್ಕ್ ಎಂಬ ಈ ಸೀಮೆಯಲ್ಲಿ ಮಾಟದ ಆರೋಪಕ್ಕೆ ಸತ್ತವರು ಅಷ್ಟು ಜನ, 77 ಹೆಂಗಸರು ಮತ್ತು 14 ಗಂಡಸರು. ಆಗ ಇಡೀ ಸೀಮೆಯ ಜನಸಂಖ್ಯೆಯೇ ಮೂರು ಸಾವಿರದ ಆಸುಪಾಸು.

ಓಣಿಯಲ್ಲಿ ನಡೆಯುತ್ತಾ ಹೋದಂತೆ ಒಂದು ಬಿರುಗಾಳಿ ಮತ್ತೆ ಮತ್ತೆ ಎದುರಾಗುತ್ತದೆ. 1617ರ ಕ್ರಿಸ್‌ಮಸ್ಸಿನ ಹಿಂದಿನ ದಿನ. ವಾರ್ಡೋ ಮತ್ತು ಪಕ್ಕದ ಕೀಬರ್ಗ್ ಹಳ್ಳಿಯ ದೋಣಿಗಳು ಕಡಲಿಗಿಳಿದಿದ್ದವು. ಇದ್ದಕ್ಕಿದ್ದಂತೆ ಎದ್ದ ಗಾಳಿಗೆ ಹತ್ತು ದೋಣಿಗಳು ಮುಳುಗಿದವು, ನಲವತ್ತು ಗಂಡಸರು ಹೋದರು. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಗಳಲ್ಲಿ ನಲವತ್ತು ಜನ ಒಂದೇ ದಿನ ಇಲ್ಲವಾದರೆ ಉಳಿದವರ ಹಬ್ಬ ಹೇಗಿದ್ದೀತು, ನೀವೇ ಊಹಿಸಿ. ಅದೇ ವರ್ಷ ಡೆನ್ಮಾರ್ಕ್-ನಾರ್ವೆಯ ದೊರೆ ನಾಲ್ಕನೆಯ ಕ್ರಿಶ್ಚಿಯನ್ ಮಾಟಗಾರರ ವಿರುದ್ಧ ಕಟ್ಟಳೆಯೊಂದನ್ನು ಹೊರಡಿಸಿದ್ದ. ಈ ಮೂಲೆಯಲ್ಲಿ ಅದನ್ನು ಸಾರಿದ್ದು 1620ರಲ್ಲಿ. ದುಃಖ ಮೂರು ವರ್ಷ ಕಾದಿತ್ತು, ಈಗ ಅದರ ಕೈಗೆ ಕಾನೂನು ಸಿಕ್ಕಿತು.

ಕೀಬರ್ಗ್‌ನ ಮಾರಿ ಯೋರ್ಗನ್ಸ್‌ಡಾಟರ್ ತನ್ನ ಬಳಿಗೆ ಸೈತಾನ ಬಂದನೆಂದಳು, ನೆರೆಯವಳೊಬ್ಬಳ ಜೊತೆ ಸಾವಿರ ಕಿಲೋಮೀಟರಿಗೂ ದೂರದ ಬರ್ಗೆನ್ ಬಳಿಯ ಬೆಟ್ಟಕ್ಕೆ ಹಾರಿ ಹೋಗಿದ್ದೆನೆಂದಳು. ಒಣಮೀನು ಹೋಗುವ ಊರೇ ಮಾಟಗಾತಿಯರ ಜಾತ್ರೆಯ ಊರೂ ಆಯಿತು, ಬಡವಿಯ ಕಲ್ಪನೆಗಾದರೂ ಬೇರೆ ದಾರಿ ಎಲ್ಲಿತ್ತು? ಎಲ್ಸೆ ಕ್ನುಟ್ಸ್‌ಡಾಟರ್ ಬಿರುಗಾಳಿ ಎಬ್ಬಿಸಿದ ಬಗೆಯನ್ನೇ ವಿವರಿಸಿದಳು: ಮೀನಿನ ಹಗ್ಗಕ್ಕೆ ಮೂರು ಗಂಟು ಹಾಕಿ, ಉಗುಳಿ, ಬಿಚ್ಚಿದೆವು, ಕಡಲು ಬೂದಿಯಂತೆ ಮೇಲೆದ್ದಿತು ಎಂದಳು. ಇದನ್ನೆಲ್ಲ ಗುಮಾಸ್ತ ಅಚ್ಚುಕಟ್ಟಾಗಿ ಬರೆದುಕೊಂಡ. ಈ ಮಾತುಗಳು ಹೊರಬಿದ್ದ ಬಗೆಯದು ಇನ್ನೊಂದು ಕಥೆ. ಕೈಕಾಲು ಕಟ್ಟಿ ಹೆಂಗಸನ್ನು ಕೊರೆಯುವ ಕಡಲಿಗೆ ಎಸೆಯುತ್ತಿದ್ದರು. ಪವಿತ್ರವಾದ ನೀರು ಪಾಪಿಯನ್ನು ಒಳಗೆ ಬಿಟ್ಟುಕೊಳ್ಳದೆಂಬ ನಂಬಿಕೆ. ತೇಲಿದರೆ ಮಾಟಗಾತಿ. ತೇಲುತ್ತಿದ್ದರು. ಮೇಲೆಳೆದುಕೊಂಡ ಮೇಲೆ ಪ್ರಶ್ನೆ, ಚಿತ್ರಹಿಂಸೆ, ಕಡೆಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ನಿನ್ನ ಜೊತೆ ಇನ್ಯಾರಿದ್ದರು? ಹೀಗೆ ಒಂದು ಹೆಸರು ನಾಲ್ಕಾಗಿ, ನಾಲ್ಕು ಹತ್ತಾಗಿ, ಕಿಟಕಿಗಳ ಸಾಲು ಬೆಳೆಯಿತು.

ಇದನ್ನು ಊರವರ ಮೂಢನಂಬಿಕೆ ಎಂದು ತಳ್ಳಿಬಿಡುವುದು ಸಲೀಸು. ನನಗೆ ಹಾಗನ್ನಿಸುವುದಿಲ್ಲ. ಬೇಲಿಯ ಜಗಳ, ಹೊಟ್ಟೆಕಿಚ್ಚು, ಹಸು ಸತ್ತ ಸಿಟ್ಟು ಹಳ್ಳಿಗಳಲ್ಲಿ ಮೊದಲೂ ಇದ್ದವು. ಮಂತ್ರ ಹಾಕುವವಳೆಂದು ಒಬ್ಬಳಿಗೆ ಹೆದರುವುದೂ ಇತ್ತು. ಆದರೆ ಸೈತಾನನ ಸೈನ್ಯ, ಗುಪ್ತ ಕೂಟ, ಒಬ್ಬಳು ಸಿಕ್ಕರೆ ಅವಳ ಹಿಂದೆ ಒಂದು ಗುಂಪು ಇದ್ದೇ ಇದೆ ಎಂಬ ಲೆಕ್ಕಾಚಾರ ಓದಿದವರದು. 1619ರಲ್ಲಿ ಈ ಸೀಮೆಯ ಅಧಿಕಾರಿಯಾಗಿ ಬಂದ ಜಾನ್ ಕನ್ನಿಂಗ್‌ಹ್ಯಾಮ್ ಸ್ಕಾಟ್ಲೆಂಡಿನವನು. ಆ ನಾಡಿನ ದೊರೆ ಆರನೆಯ ಜೇಮ್ಸ್ ಡೆನ್ಮಾರ್ಕಿನ ರಾಜಕುಮಾರಿಯನ್ನು ಮದುವೆಯಾದಾಗ ಅವಳ ಹಡಗು ಬಿರುಗಾಳಿಗೆ ಸಿಕ್ಕಿತ್ತು. ಆ ಗಾಳಿಯ ಹೆಸರಿನಲ್ಲಿ 1590ರಿಂದ ಕೋಪನ್‌ಹೇಗನ್‌ನಲ್ಲೂ ಸ್ಕಾಟ್ಲೆಂಡಿನಲ್ಲೂ ಹೆಂಗಸರನ್ನು ಸುಟ್ಟಿದ್ದರು. ಜೇಮ್ಸ್ ದೊರೆಯೇ ಕುಳಿತು ಸೈತಾನ ವಿದ್ಯೆಯ ಮೇಲೆ ಪುಸ್ತಕ ಬರೆದಿದ್ದ. ಗಾಳಿಯನ್ನು ಹೆಂಗಸರ ತಲೆಗೆ ಕಟ್ಟುವ ಕಲೆ ಅರಮನೆಯಲ್ಲಿ ಪಳಗಿ, ಆಮೇಲೆ ಮೀನುಗಾರರ ಹಳ್ಳಿಗೆ ಬಂತು.

ಓಣಿಯ ನಡುವೆ 1662-63ರ ಚಳಿಗಾಲ. ಆ ಒಂದು ಚಳಿಗಾಲದಲ್ಲಿ ಸುಮಾರು ಇಪ್ಪತ್ತು ಹೆಂಗಸರು ಸತ್ತರು. ಅವರ ಜೊತೆಗೆ ಸಿಕ್ಕಿಬಿದ್ದವರಲ್ಲಿ ಚಿಕ್ಕ ಹುಡುಗಿಯರೂ ಇದ್ದರು. ಹನ್ನೆರಡರ ಮಾರೆನ್ ಓಲ್ಸ್‌ಡಾಟರ್ ತಾನು ನರಕ ನೋಡಿ ಬಂದೆನೆಂದು ಹೇಳಿದ್ದು ದಾಖಲೆಯಲ್ಲಿದೆ. ಕಪ್ಪು ಕಣಿವೆಯಲ್ಲಿ ಕುದಿಯುವ ನೀರು, ಅದರೊಳಗೆ ಬೆಕ್ಕುಗಳಂತೆ ಅಳುವ ಜನ. ಸೈತಾನ ಆ ನೀರಿನಲ್ಲಿ ಮಾಂಸದ ತೊಡೆಯೊಂದನ್ನು ಅದ್ದಿ ತೆಗೆದನಂತೆ, ಅದು ಕೂಡಲೇ ಬೆಂದಿತ್ತಂತೆ. ಹಸಿದ ಮಗುವಿನ ನರಕದಲ್ಲೂ ಒಂದು ಊಟವಿತ್ತು. ಮರುಬೇಸಿಗೆಯಲ್ಲಿ ಮೇಲಿನ ಕೋರ್ಟಿನ ನ್ಯಾಯಾಧೀಶ ಬಂದು ವಿಚಾರಿಸಿದಾಗ, ವಾರ್ಡೋದ ಕೋಟೆಯಲ್ಲಿ ಗಡೀಪಾರು ಕೈದಿಯಾಗಿದ್ದ ವೈದ್ಯನ ಹೆಂಡತಿ ಆನ್ನೆ ರೋಡಿಯಸ್ ಹೀಗೆ ಹೀಗೆ ಹೇಳಿ ಎಂದು ಹುಡುಗಿಯರಿಗೆ ಒತ್ತಾಯ ಮಾಡಿದ್ದು ಬಯಲಾಯಿತು. ಆರು ಹುಡುಗಿಯರ ಬಿಡುಗಡೆಯಾಯಿತು. ಹೆಂಗಸರು ಅಷ್ಟರಲ್ಲಾಗಲೇ ಬೂದಿಯಾಗಿದ್ದರು.

ಓಣಿಯಿಂದ ಹೊರಬಂದರೆ ಪಕ್ಕದಲ್ಲೇ ಕಪ್ಪು ಗಾಜಿನ ಕೋಣೆ. ಒಳಗೆ ಒಂದು ಉಕ್ಕಿನ ಕುರ್ಚಿ, ಕೂರುವ ಜಾಗದಲ್ಲಿ ಉರಿಯುವ ಬೆಂಕಿ, ಅದನ್ನು ಸುತ್ತುವರಿದು ಬಗ್ಗಿ ನೋಡುವ ಏಳು ಕನ್ನಡಿಗಳು. ಕಲಾವಿದೆ ಲೂಯೀಸ್ ಬೂರ್ಜ್ವಾ ಮಾಡಿದ್ದು. ಉದ್ದನೆಯ ಓಣಿ ಸ್ವಿಸ್ ವಾಸ್ತುಶಿಲ್ಪಿ ಪೀಟರ್ ಝುಮ್‌ಥೋರ್ ಅವರದು. ಹೆಸರಿನ ಪಕ್ಕದ ಬರಹಗಳನ್ನು ಕೋರ್ಟಿನ ಹಳೆಯ ಕಡತಗಳಿಂದ ಹೆಕ್ಕಿ ಬರೆದವರು ಇತಿಹಾಸಕಾರ್ತಿ ಲಿವ್ ಹೆಲೆನೆ ವಿಲ್ಲುಮ್‌ಸೆನ್. 2011ರ ಜೂನ್ 23ರಂದು ನಾರ್ವೆಯ ರಾಣಿ ಸೋನ್ಯಾ ಈ ಸ್ಮಾರಕವನ್ನು ಉದ್ಘಾಟಿಸಿದರು. ಕುರ್ಚಿಯ ಬಗ್ಗೆ ನನಗೆ ಅಂಥ ಒಲವಿಲ್ಲ. ಬೆಂಕಿ ಎಲ್ಲರಿಗೂ ಅರ್ಥವಾಗುತ್ತದೆ. ಓಣಿಯಲ್ಲಿ ಗುಮಾಸ್ತನ ತಣ್ಣಗಿನ ವಾಕ್ಯಗಳನ್ನು ಒಂದೊಂದಾಗಿ ಓದುವುದೇ ಹೆಚ್ಚು ಕಷ್ಟದ ಕೆಲಸ.

ಆ ಕಡತಗಳ ಕೊನೆಯ ಪುಟಗಳಲ್ಲಿ ಈ ಉತ್ತರದ ಮೂಲನಿವಾಸಿಗಳಾದ ಸಾಮಿ ಜನಾಂಗದ ಹಣ್ಣುಹಣ್ಣು ಮುದುಕ ಆಂಡರ್ಸ್ ಪೌಲ್ಸೆನ್ ಇದ್ದಾನೆ. ಆತನ ಅಪರಾಧ, ಚಿತ್ರಗಳಿದ್ದ ಒಂದು ಡೋಲು ಇಟ್ಟುಕೊಂಡಿದ್ದು. 1692ರ ಫೆಬ್ರವರಿಯಲ್ಲಿ ಕೋರ್ಟಿನ ಮುಂದೆ ಒಂದೊಂದು ಚಿತ್ರದ ಅರ್ಥವನ್ನೂ ಬಿಡಿಸಿ ಹೇಳಿದ. ತೀರ್ಪು ಬರುವ ಮೊದಲೇ ಬುದ್ಧಿ ಸ್ತಿಮಿತವಿಲ್ಲದ ಒಬ್ಬ ಆತನನ್ನು ಕೊಡಲಿಯಿಂದ ಕೊಂದ. ಮುಟ್ಟುಗೋಲಾದ ಡೋಲು ಕೋಪನ್‌ಹೇಗನ್ ಸೇರಿತು. 1979ರಿಂದ ಅದು ಕರಾಸ್‌ಯೋಕ್‌ನ ಸಾಮಿ ಮ್ಯೂಸಿಯಂನಲ್ಲಿ ಕೇವಲ ಎರವಲು ವಸ್ತುವಾಗಿತ್ತು. 2022ರಲ್ಲಿ ಡೆನ್ಮಾರ್ಕ್ ಅದರ ಒಡೆತನವನ್ನು ಸಾಮಿಗಳಿಗೆ ಬಿಟ್ಟುಕೊಟ್ಟಿತು.