ಕಟ್ಟಿಗೆಯ ಅಳತೆ ಮತ್ತು ದರ್ಜೆ: ಒಂದು ವಿವೇಚನೆ

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ (1367) ಛಾವಣಿಯು ಕಮಾನು ಗುಮ್ಮಟಗಳಿಂದಲೇ ಆದುದು. ಊರಿನ ಹಳೆಯ ಮನೆಗಳ ಸಂಗತಿ ಬೇರೆ. ಅವುಗಳಲ್ಲಿ ತೊಲೆ, ಜಂತಿ, ಬಾಗಿಲ ಚೌಕಟ್ಟುಗಳು ಕಟ್ಟಿಗೆಯವು. ಇಂಥ ಮನೆಯ ಅಳತೆಯನ್ನು ಗುರುತು ಹಾಕಿಕೊಳ್ಳುವ ಇತಿಹಾಸದ ವಿದ್ಯಾರ್ಥಿಗೂ, ಜೀರ್ಣವಾದ ತೊಲೆಗೆ ಬದಲಾಗಿ ಹೊಸದನ್ನು ಕೊಳ್ಳುವ ಯಜಮಾನನಿಗೂ ಎದುರಾಗುವ ತೊಡಕು ಒಂದೇ: ಹೇಳಿದ ಅಳತೆಯು ಕಟ್ಟಿಗೆಯ ಯಾವ ಹಂತದ್ದು? ಇದನ್ನೇ ನಾವಿಲ್ಲಿ ವಿವರಿಸಲೆತ್ನಿಸುತ್ತೇವೆ.

ಮೊದಲನೆಯ ಹಂತ ದಿಮ್ಮಿಯದು. ಸುತ್ತಳತೆಯ ನಾಲ್ಕನೆಯ ಒಂದು ಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವುದು ಹಳೆಯ ಪದ್ಧತಿ. ಇಂಗ್ಲೆಂಡಿನ ಹಾಪಸ್ ಎಂಬಾತನು 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಇದು ಅವನ ಹೆಸರನ್ನೇ ಪಡೆಯಿತು. 4 ಅಡಿ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ; ನಿಜವಾದ ಗಾತ್ರ ಸುಮಾರು 12.7 ಘನ ಅಡಿ. ಕೊಯ್ಯುವಾಗ ಕಳೆದುಹೋಗುವ ಅಂಚಿಗೆ ಈ ವ್ಯತ್ಯಾಸವು ಒಂದು ರಿಯಾಯಿತಿಯೆನ್ನಬಹುದು. ಆದುದರಿಂದ ದಿಮ್ಮಿಯ ಘನ ಅಡಿಯ ಬೆಲೆಯನ್ನು ಕೊಯ್ದ ಹಲಗೆಯ ಘನ ಅಡಿಯ ಬೆಲೆಯೊಡನೆ ನೇರವಾಗಿ ಹೋಲಿಸುವುದು ತಪ್ಪು.

ಎರಡನೆಯದು ಕೊಯ್ದ ಕಟ್ಟಿಗೆ. 7 ಅಡಿ ಉದ್ದ, 9 ಅಂಗುಲ ಅಗಲ, 1 ಅಂಗುಲ ದಪ್ಪದ ಹಲಗೆಯು 63ನ್ನು 144ರಿಂದ ಭಾಗಿಸಿದಷ್ಟು, ಎಂದರೆ 0.44 ಘನ ಅಡಿಯಷ್ಟಿರುತ್ತದೆ. ಬೆಲೆ ಕಟ್ಟುವುದು ಈ ಲೆಕ್ಕದ ಮೇಲೆ. ಆದರೆ ಬಡಗಿಯು ಎರಡೂ ಬದಿಗೆ ರಂದಾ ಹೊಡೆದ ಮೇಲೆ ಒಂದು ಅಂಗುಲವು ಮುಕ್ಕಾಲು ಅಂಗುಲದ ಹತ್ತಿರಕ್ಕೆ ಇಳಿಯುವುದುಂಟು. ಪೂರ್ಣ ಒಂದು ಅಂಗುಲ ಬೇಕಾದವರು ಅದಕ್ಕಿಂತ ದಪ್ಪನಾದುದನ್ನೇ ಕೇಳಬೇಕು.

ದರ್ಜೆಯ ಮಾತೂ ಹೀಗೆಯೇ. ಮಾರುವವರು ಹೇಳುವ ‘ಮೊದಲ ದರ್ಜೆ’ಗೆ ಎಲ್ಲೆಡೆಯೂ ಒಂದೇ ಅರ್ಥವಿಲ್ಲ. ಕಟ್ಟಡಗಳಲ್ಲಿ ಭಾರ ಹೊರುವ ಕಟ್ಟಿಗೆಯನ್ನು ಭಾರತೀಯ ಮಾನಕ 3629 ಮೂರು ದರ್ಜೆಗಳಾಗಿ ವಿಂಗಡಿಸಿದೆ: ಆಯ್ದದ್ದು, ಒಂದನೆಯದು, ಎರಡನೆಯದು. ಎಳೆಯ ಓರೆಯು ಕ್ರಮವಾಗಿ 20ಕ್ಕೆ 1, 15ಕ್ಕೆ 1, 12ಕ್ಕೆ 1 ಎಂಬ ಮಿತಿಯನ್ನು ಮೀರಕೂಡದು. ಗಂಟು ಬಿರುಕುಗಳಿಗೂ ಮಿತಿಗಳುಂಟು. ಓರೆ ಎಳೆಯ ತೊಲೆಯು ಭಾರದಡಿಯಲ್ಲಿ ಎಳೆಯ ಗುಂಟ ಸೀಳುವುದೇ ಇದಕ್ಕೆ ಕಾರಣ. ಇವು ಬಲದ ದರ್ಜೆಗಳೇ ಹೊರತು ಅಂದದವಲ್ಲ. ಪೆಟ್ಟಿಗೆ ಕಪಾಟುಗಳಿಗೆ ಎಳೆಯ ಚೆಲುವು ಮುಖ್ಯವಾದರೆ, ತೊಲೆಗೆ ಅದರ ನೇರತನವೇ ಮುಖ್ಯ. ಚೇಗಿನ ಸುತ್ತಣ ಬಿಳಿಯ ಭಾಗವು ಸಾಗವಾನಿಯಲ್ಲಿಯೂ ಹುಳುವಿಗೆ ಬೇಗ ತುತ್ತಾಗುವುದರಿಂದ ಅದನ್ನು ಅವಶ್ಯವಾಗಿ ನೋಡಿಕೊಳ್ಳಬೇಕು.

ಕೊನೆಯದಾಗಿ ತೇವ. ನಮ್ಮ ಸೀಮೆಯಲ್ಲಿ ಇದೇ ಹೆಚ್ಚು ಗಹನವಾದುದು. ದಾಂಡೇಲಿಯಂಥ ಮಳೆನಾಡಿನ ಕಟ್ಟಿಗೆಯು ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಕಲಬುರಗಿಗೆ ಹಸಿಯಾಗಿಯೇ ಬಂದರೆ ಇಲ್ಲಿ ಒಣಗುತ್ತ ಕುಗ್ಗುತ್ತದೆ. ಅದು ವಾರ್ಷಿಕ ಉಂಗುರಗಳ ಗುಂಟ ಹೆಚ್ಚಾಗಿಯೂ ಅವಕ್ಕೆ ಅಡ್ಡಲಾಗಿ ಕಡಮೆಯಾಗಿಯೂ ಕುಗ್ಗುವುದರಿಂದ ಹಲಗೆ ಬಾಗುತ್ತದೆ, ಬಾಗಿಲು ಚೌಕಟ್ಟಿಗೆ ಹೊಂದದಾಗುತ್ತದೆ. ಭಾರತೀಯ ಮಾನಕ 287 ದೇಶವನ್ನು ಹವೆಯ ತೇವಾಂಶದ ಮೇರೆಗೆ ನಾಲ್ಕು ವಲಯಗಳಾಗಿ ವಿಭಾಗಿಸಿ, ಕಟ್ಟಿಗೆಯಲ್ಲಿ ಇರಬಹುದಾದ ತೇವಕ್ಕೆ ಮಿತಿಗಳನ್ನು ಗೊತ್ತುಪಡಿಸಿರುವುದು ಇದಕ್ಕಾಗಿಯೇ.

ಇತಿಹಾಸದ ವಿದ್ಯಾರ್ಥಿಗೆ ಇನ್ನೊಂದು ಎಚ್ಚರಿಕೆ. ಹಳೆಯ ಕಾಗದಗಳಲ್ಲಿ ಬರುವ ‘ಗಜ’ವು ಎಲ್ಲೆಡೆಯೂ ಒಂದೇ ಅಲ್ಲ: ಮುಂಬಯಿ ಕಡೆ 27 ಅಂಗುಲದ ಗಜವಿದ್ದರೆ, ಉತ್ತರ ಭಾರತದಲ್ಲಿ ಬ್ರಿಟಿಷರು ಇಲಾಹಿ ಗಜವನ್ನು 33 ಅಂಗುಲವೆಂದು ಸ್ಥಿರಪಡಿಸಿದ್ದರು. ಯಾವ ಗಜವೆಂದು ತಿಳಿಯದೆ ತೊಲೆಯ ಉದ್ದವನ್ನು ಅಡಿಗಳಿಗೆ ಪರಿವರ್ತಿಸಿದರೆ ಮನೆಯ ನಕ್ಷೆಯೇ ತಪ್ಪಾಗುವುದು.

ಒಟ್ಟಿನಲ್ಲಿ, ಹಣ ಕೊಡುವ ಮುನ್ನ ನಾಲ್ಕು ಸಂಗತಿಗಳನ್ನು ಬರೆಹದಲ್ಲಿ ಪಡೆಯುವುದು ಲೇಸು: ಅಳತೆಯು ದಿಮ್ಮಿಯದೋ ಕೊಯ್ದದ್ದೋ, ರಂದಾಕ್ಕೆ ಮುಂಚಿನದೋ ಅನಂತರದ್ದೋ, ದರ್ಜೆಯು ಯಾವ ನಿಯಮದಂತೆ, ಕಟ್ಟಿಗೆಯು ಎಷ್ಟು ಒಣಗಿದೆ. ಇವಿಷ್ಟು ಸ್ಪಷ್ಟವಾದರೆ ಹಳೆಯ ಮನೆಗೆ ಇಟ್ಟ ಹೊಸ ತೊಲೆಯು ಮುಂದಿನ ತಲೆಮಾರಿನವರೆಗೂ ನಿಂತೀತು.