ಎರಡು ಲೀಟರಿನ ಕೆಲಸಕ್ಕೆ ಹತ್ತು ಲೀಟರು ಏಕೆ?

ಮಲೆನಾಡಿನಲ್ಲಿ ನೀರಿನ ಮಿತವ್ಯಯದ ಮಾತನ್ನಾಡಿದರೆ ಕೇಳಿದವರು ನಗುತ್ತಿದ್ದ ಕಾಲವೊಂದಿತ್ತು. ಜೂನ್ ತಿಂಗಳಿನಿಂದ ಬಣಕಲ್, ಕೊಟ್ಟಿಗೆಹಾರ, ಕಳಸದ ಕಡೆಗಳಲ್ಲಿ ಮಳೆ ಬಿಡುವಿಲ್ಲದೆ ಸುರಿಯುತ್ತದೆ. ಹೇಮಾವತಿಯೂ ಭದ್ರೆಯೂ ಈ ಬೆಟ್ಟಗಳಲ್ಲಿಯೇ ಹುಟ್ಟಿ ಬಯಲಿಗಿಳಿಯುತ್ತವೆ. ಆದರೆ ಇದೇ ಊರುಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಹಳ್ಳಗಳು ಸೊರಗುತ್ತವೆ, ಬಾವಿಯ ಹಗ್ಗ ಉದ್ದವಾಗುತ್ತದೆ. ಸಕಾಲದಲ್ಲಿ ಹೂಮಳೆ ಬಾರದಿದ್ದರೆ ಕಾಫಿ ಬೆಳೆಗಾರರು ಸ್ಪ್ರಿಂಕ್ಲರ್ ಹೂಡಿ ಕೆರೆ ಹಳ್ಳಗಳ ನೀರನ್ನೆತ್ತಬೇಕಾಗುತ್ತದೆ. ತೋಟಕ್ಕೂ ಮನೆಗೂ ನೀರು ಬೇಕಾಗುವುದು ಒಂದೇ ಸಮಯದಲ್ಲಿ.

ಈ ದಿನಗಳಲ್ಲಿ ನಾವು ತೋಟದ ನೀರಿನ ಲೆಕ್ಕ ಹಾಕುತ್ತೇವೆ, ಅಡುಗೆಯ ನೀರಿನ ಲೆಕ್ಕ ಹಾಕುತ್ತೇವೆ. ಶೌಚಾಲಯದ ನೀರಿನ ಲೆಕ್ಕವನ್ನು ಮಾತ್ರ ಹಾಕುವುದಿಲ್ಲ. ಅದು ನಾಲ್ಕು ಜನರ ಮುಂದೆ ಆಡುವ ಮಾತಲ್ಲವೆಂಬ ಸಂಕೋಚ. ಆ ಸಂಕೋಚವನ್ನು ಬದಿಗಿಟ್ಟು ಒಮ್ಮೆ ಲೆಕ್ಕ ಹಾಕೋಣ. ಐದು ಮಂದಿಯ ಒಂದು ಕುಟುಂಬದಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಐದು ಬಾರಿ ಶೌಚಾಲಯವನ್ನು ಬಳಸಿದರೆಂದುಕೊಳ್ಳೋಣ. ಒಟ್ಟು 25 ಬಾರಿ. ಪ್ರತಿ ಬಾರಿಯೂ 10 ಲೀಟರಿನ ಹಳೆಯ ಟ್ಯಾಂಕು ಖಾಲಿಯಾದರೆ ದಿನಕ್ಕೆ 250 ಲೀಟರು. 2019ರಲ್ಲಿ ಆರಂಭವಾಗಿ ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರು ಪಡೆದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರು ನೀರನ್ನು ಗೊತ್ತುಪಡಿಸಿದೆ. ಐವರಿಗೆ 275 ಲೀಟರು. ಅಂದರೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಉಳಿಯುವುದು 25 ಲೀಟರು, ಹೆಚ್ಚೆಂದರೆ ಎರಡು ಕೊಡ!

ಈ ಲೆಕ್ಕವನ್ನು ಬದಲಾಯಿಸುವ ಶೋಧನೆಗಳು ಇಲ್ಲವೆಂದಲ್ಲ. ಅವುಗಳಲ್ಲಿ ಅತ್ಯಂತ ಸರಳವಾದುದು ನಮ್ಮ ದೇಶದಲ್ಲಿಯೇ ರೂಪುಗೊಂಡಿತೆಂಬುದು ಗಮನಾರ್ಹ.

ಬಾಗಿದ ಕೊಳವೆ

1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಸ್ಕಾಟ್ಲೆಂಡಿನ ಗಡಿಯಾರ ತಯಾರಕನು ಶೌಚಾಲಯದ ಕೊಳವೆಯನ್ನು ಬಾಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿ ಅದಕ್ಕೆ ಪೇಟೆಂಟ್ ಪಡೆದನು. ನಿಂತ ನೀರೇ ಮುಚ್ಚಳದಂತೆ ವರ್ತಿಸಿ ಕೆಳಗಿನ ದುರ್ವಾಸನೆಯನ್ನು ತಡೆಯಿತು. ಇಂದಿಗೂ ನಮ್ಮ ಮನೆಗಳ ಕಮೋಡಿನಲ್ಲಿ, ಭಾರತೀಯ ಮಾದರಿಯ ಬೇಸಿನ್ನಿನಲ್ಲಿ ಇರುವುದು ಇದೇ ತತ್ತ್ವ.

ಹೀಗಾಗಿ ನಾವು ಸುರಿಯುವ ನೀರಿಗೆ ಎರಡು ಕೆಲಸಗಳಿವೆ. ಮಲವನ್ನು ಆ ಬಾಗನ್ನು ದಾಟಿಸುವುದು ಒಂದು. ಬಾಗಿನಲ್ಲಿ ಮತ್ತೆ ಹೊಸ ನೀರನ್ನು ನಿಲ್ಲಿಸುವುದು ಇನ್ನೊಂದು. ಬಾಗು ಆಳವಾಗಿದ್ದಷ್ಟೂ, ಬೇಸಿನ್ನಿನ ಇಳಿಜಾರು ಕಡಿಮೆಯಾದಷ್ಟೂ ನೀರು ಹೆಚ್ಚು ಬೇಕು. ಸಾಧಾರಣ ಬೇಸಿನ್ನುಗಳಲ್ಲಿ ನಿಲ್ಲುವ ನೀರಿನ ಆಳ ಸುಮಾರು 50 ಮಿಲಿಮೀಟರ್. ಅದಕ್ಕಾಗಿಯೇ ಎತ್ತರದಲ್ಲಿ ಕೂಡಿಸಿದ, ಸರಪಣಿ ಎಳೆಯುವ ಕಬ್ಬಿಣದ ಟ್ಯಾಂಕುಗಳು ಒಂದು ಎಳೆತಕ್ಕೆ 10 ಅಥವಾ 12.5 ಲೀಟರು ನೀರನ್ನು ಸುರಿಸುತ್ತಿದ್ದವು. ಕೊಳಾಯಿಯ ನೀರಿಗೆ ಬರವಿಲ್ಲದ ಪಟ್ಟಣಗಳಿಗಾಗಿ ಮಾಡಿದ ವ್ಯವಸ್ಥೆಯದು. ಬಾವಿಯಿಂದ ಸೇದಿ ತರುವ ಮನೆಗೆ ಅದು ಹೊಂದುವುದಾದರೂ ಹೇಗೆ?

ಚೆಂಬು ನೀರಿನ ಶೋಧನೆ

ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ ನಮ್ಮ ದೇಶದ ಆರೋಗ್ಯ ಮತ್ತು ಗ್ರಾಮಾಭಿವೃದ್ಧಿ ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರ ಉತ್ತರ ಸರಳವಾಗಿತ್ತು. ಬೇಸಿನ್ನಿನ ಇಳಿಜಾರನ್ನು 25ರಿಂದ 28 ಡಿಗ್ರಿಯಷ್ಟು ಕಡಿದಾಗಿಸಿದರು. ಬಾಗಿನಲ್ಲಿ ನಿಲ್ಲುವ ನೀರಿನ ಆಳವನ್ನು 20 ಮಿಲಿಮೀಟರಿಗೆ ಇಳಿಸಿದರು. ಟ್ಯಾಂಕನ್ನೇ ಕೈಬಿಟ್ಟು ಕೈಯಿಂದ ನೀರು ಸುರಿಯುವಂತೆ ಮಾಡಿದರು. ಹತ್ತು ಲೀಟರಿನ ಕೆಲಸ ಒಂದೂವರೆಯಿಂದ ಎರಡು ಲೀಟರಿನಲ್ಲಿ ಮುಗಿಯತೊಡಗಿತು.

ಈ ಬಗೆಯ ಬೇಸಿನ್ನಿಗೆ ಎರಡು ಗುಂಡಿಗಳನ್ನು ಜೋಡಿಸಿ, 1970ರಲ್ಲಿ ಸುಲಭ್ ಸಂಸ್ಥೆಯನ್ನು ಸ್ಥಾಪಿಸಿ ಬಿಹಾರದಿಂದ ದೇಶದಾದ್ಯಂತ ಹರಡಿದವರು ಬಿಂದೇಶ್ವರ ಪಾಠಕರು. 2009ರಲ್ಲಿ ಅವರಿಗೆ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಸಂದಿತು. 2023ರ ಆಗಸ್ಟ್ 15ರಂದು ಅವರು ನಿಧನರಾದರು. ಅವರ ಉದ್ದೇಶ ಕೇವಲ ನೀರಿನ ಉಳಿತಾಯವಾಗಿರಲಿಲ್ಲ. ಮನುಷ್ಯನ ಮಲವನ್ನು ಮನುಷ್ಯನೇ ತಲೆಯ ಮೇಲೆ ಹೊರುವ ಅಮಾನುಷ ಪದ್ಧತಿಗೆ ಕೊನೆ ಹಾಡುವುದೇ ಅದರ ಗುರಿಯಾಗಿತ್ತು.

ಈ ವಿಷಯದಲ್ಲಿ ಕರ್ನಾಟಕದ ಇತಿಹಾಸವನ್ನೂ ನೆನೆಯಬೇಕು. 1970ರ ದಶಕದಲ್ಲಿ ದೇವರಾಜ ಅರಸು ಸರಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಪೌರಕಾರ್ಮಿಕರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಆದೇಶವೊಂದರಿಂದಲೇ ಈ ಕೆಲಸ ಮುಗಿಯುವುದಿಲ್ಲ. ಒಣ ಕಕ್ಕಸಿನ ಬದಲಿಗೆ, ಬಡವನ ಮನೆಯಲ್ಲಿಯೂ ಇರುವಷ್ಟು ನೀರಿನಲ್ಲಿ ನಡೆಯುವ ಶೌಚಾಲಯ ಬೇಕು. ಎರಡು ಲೀಟರಿನ ಬೇಸಿನ್ನಿನ ಮಹತ್ತ್ವ ಇರುವುದು ಇಲ್ಲಿ.

ಎರಡು ಗುಂಡಿಗಳ ಕ್ರಮವೂ ಅರಿಯತಕ್ಕದ್ದೇ. ಒಂದು ಕಾಲಕ್ಕೆ ಒಂದೇ ಗುಂಡಿಯ ಬಳಕೆ. ಗೋಡೆಯ ಇಟ್ಟಿಗೆಗಳ ನಡುವೆ ಬಿಟ್ಟ ಕಿಂಡಿಗಳಿಂದ ನೀರು ಮಣ್ಣಿಗೆ ಇಂಗುತ್ತದೆ. ಸುಮಾರು ಮೂರು ವರ್ಷಗಳಲ್ಲಿ ಅದು ತುಂಬಿದಾಗ ಹರಿವನ್ನು ಇನ್ನೊಂದಕ್ಕೆ ತಿರುಗಿಸಬೇಕು. ಮುಚ್ಚಿದ ಗುಂಡಿಯಲ್ಲಿದ್ದುದು ಎರಡು ವರ್ಷಗಳಲ್ಲಿ ವಾಸನೆಯಿಲ್ಲದ ಒಣ ಗೊಬ್ಬರವಾಗುತ್ತದೆ. ನೀರು ಕಡಿಮೆ ಸುರಿದಷ್ಟೂ ಈ ಇಂಗುವಿಕೆ ಸುಗಮ.

ಆದರೆ ಮಲೆನಾಡಿನಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಳೆಗಾಲದಲ್ಲಿ ನಮ್ಮಲ್ಲಿ ಅಂತರ್ಜಲವು ನೆಲದ ಮಟ್ಟದ ಸಮೀಪಕ್ಕೇರುತ್ತದೆ. ಗುಂಡಿಯ ನೀರು ಬಾವಿಯ ನೀರಿನೊಡನೆ ಬೆರೆಯುವ ಅಪಾಯವಿದೆ. ಆದುದರಿಂದ ಗುಂಡಿಯು ಬಾವಿಯಿಂದ ಹತ್ತು ಹದಿನೈದು ಮೀಟರಾದರೂ ದೂರವಿರಬೇಕು, ಬಾವಿಗಿಂತ ಇಳಿಜಾರಿನ ಕೆಳಭಾಗದಲ್ಲಿರಬೇಕು, ಆಳಕ್ಕಿಂತ ಅಗಲ ಹೆಚ್ಚಿರಬೇಕು. ಸೆಪ್ಟಿಕ್ ಟ್ಯಾಂಕ್ ಇರುವ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನೆಲವೇ ನೀರು ಕುಡಿದು ತಣಿದಿರುವ ಆಷಾಢದಲ್ಲಿ ದಿನಕ್ಕೆ 250 ಲೀಟರು ಇಂಗುಗುಂಡಿಗೆ ಹರಿದರೆ ಅದು ಉಕ್ಕಿ ಹಳ್ಳ ಸೇರದೆ ಇರುತ್ತದೆಯೇ?

ಎರಡು ಬಟನ್ನಿನ ಟ್ಯಾಂಕು

ಕಮೋಡು ಬಳಸುವ ಮನೆಗಳಿಗೆ ನೆರವಾದ ಶೋಧನೆ ಆಸ್ಟ್ರೇಲಿಯಾದಿಂದ ಬಂದಿತು. ಬರಗಾಲದ ಪರಿಚಯವುಳ್ಳ ದೇಶವದು. 1980ರಲ್ಲಿ ಅಲ್ಲಿನ ಕರೋಮ ಕಂಪನಿಯ ಬ್ರೂಸ್ ಥಾಮ್ಸನ್ ಎಂಬವರು ಒಂದೇ ಟ್ಯಾಂಕಿಗೆ ಎರಡು ಬಟನ್‌ಗಳನ್ನು ಅಳವಡಿಸಿದರು: ಮಲಕ್ಕೆ ಪೂರ್ಣ ಹರಿವು, ಮೂತ್ರಕ್ಕೆ ಅರ್ಧ ಹರಿವು. ಮೊದಲಿಗೆ 11 ಲೀಟರು ಮತ್ತು 5.5 ಲೀಟರು ಇದ್ದ ಪ್ರಮಾಣ ಮುಂದೆ 6 ಮತ್ತು 3 ಲೀಟರಿಗೆ ಇಳಿಯಿತು. ಇಂದು ನಮ್ಮ ಪೇಟೆಗಳ ಅಂಗಡಿಗಳಲ್ಲಿಯೂ ಇಂತಹ ಟ್ಯಾಂಕು ದೊರೆಯುತ್ತದೆ. ಮೇಲೆ ಹೇಳಿದ ಕುಟುಂಬದಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಒಮ್ಮೆ ಪೂರ್ಣ, ನಾಲ್ಕು ಬಾರಿ ಅರ್ಧ ಹರಿವನ್ನು ಬಳಸಿದರೆ ಖರ್ಚಾಗುವುದು 90 ಲೀಟರು. ದಿನವೊಂದಕ್ಕೆ 160 ಲೀಟರಿನ ಉಳಿತಾಯ.

ಟ್ಯಾಂಕನ್ನು ಚಿಕ್ಕದಾಗಿಸಿದ ಮಾತ್ರಕ್ಕೆ ಉಳಿತಾಯವಾಗದೆಂಬುದನ್ನು ಅಮೆರಿಕದ ಅನುಭವ ತೋರಿಸಿತು. 1992ರ ಕಾನೂನಿನ ಮೇರೆಗೆ ಅಲ್ಲಿ 1994ರಿಂದ ಮನೆಬಳಕೆಯ ಹೊಸ ಶೌಚಾಲಯಗಳಿಗೆ ಸುಮಾರು 6 ಲೀಟರಿನ ಮಿತಿ ಬಂದಿತು. ಆರಂಭದ ಮಾದರಿಗಳಲ್ಲಿ ಹಳೆಯ ಆಕಾರವನ್ನೇ ಉಳಿಸಿಕೊಂಡಿದ್ದರಿಂದ ಜನರು ಎರಡೆರಡು ಬಾರಿ ನೀರು ಹರಿಸಬೇಕಾಗಿ ಬಂದು ಗೊಣಗಿದರು. ಬಳಿಕ ಒಳದಾರಿಯ ಅಗಲ, ನುಣುಪು, ನೀರು ನುಗ್ಗುವ ವೇಗ ಇವುಗಳನ್ನು ತಿದ್ದಲಾಯಿತು. 2003ರಿಂದ ಉತ್ತರ ಅಮೆರಿಕದಲ್ಲಿ ಸೋಯಾ ಅವರೆಯ ಮುದ್ದೆಯನ್ನು ಹಾಕಿ, ಒಂದು ಹರಿವಿಗೆ ಎಷ್ಟು ಗ್ರಾಂ ಸಾಗುತ್ತದೆಂದು ಪರೀಕ್ಷಿಸುವ ಕ್ರಮವೂ ಜಾರಿಗೆ ಬಂದಿದೆ. ನೀರಿನ ಪ್ರಮಾಣದಷ್ಟೇ ಬೇಸಿನ್ನಿನ ಆಕಾರವೂ ಮುಖ್ಯವೆಂಬ ಪಾಠವನ್ನು ನಮ್ಮವರು ಚೆಂಬಿನ ಬೇಸಿನ್ನಿನಲ್ಲಿ ಆಗಲೇ ಕಂಡುಕೊಂಡಿದ್ದರು.

ಮನೆಯಲ್ಲಿ ಮಾಡಬಹುದಾದುದು

ಹೊಸತನ್ನು ಕೊಳ್ಳಲು ಎಲ್ಲರಿಗೂ ಅನುಕೂಲವಿರುವುದಿಲ್ಲ. ಖರ್ಚಿಲ್ಲದ ಕೆಲವು ಉಪಾಯಗಳನ್ನು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದಾಗಿ, ಟ್ಯಾಂಕು ಸೋರುತ್ತಿದೆಯೇ ಎಂದು ನೋಡಬೇಕು. ರಾತ್ರಿ ಮಲಗುವ ಮುನ್ನ ಟ್ಯಾಂಕಿನ ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ಕೆಲವು ಹನಿ ಬೆರೆಸಿ, ಯಾರೂ ನೀರು ಹರಿಸದೆ ಅರ್ಧ ಗಂಟೆ ಬಿಡಿ. ಬೇಸಿನ್ನಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರು ಸವೆದಿದೆಯೆಂದು ತಿಳಿಯಿರಿ. ಅದನ್ನು ಬದಲಿಸಲು ತಗಲುವ ವೆಚ್ಚ ಅಲ್ಪ. ಸದ್ದಿಲ್ಲದೆ ಹಗಲಿರುಳು ಸೋರುವ ನೀರು ಅಪಾರ.

ಎರಡನೆಯದಾಗಿ, ಹಳೆಯ ದೊಡ್ಡ ಟ್ಯಾಂಕಿನೊಳಗೆ ನೀರು ತುಂಬಿದ ಒಂದು ಲೀಟರಿನ ಬಾಟಲಿಯನ್ನು ಮುಚ್ಚಳ ಬಿಗಿದು ಇಟ್ಟರೆ ಪ್ರತಿ ಬಾರಿಯೂ ಒಂದು ಲೀಟರು ಉಳಿಯುತ್ತದೆ. ಇಟ್ಟಿಗೆಯನ್ನು ಇಡಬಾರದು, ಅದು ಕರಗಿ ಪುಡಿಯಾಗಿ ಕೊಳವೆ ಕಟ್ಟುತ್ತದೆ. ಬಾಟಲಿಯಿಟ್ಟ ಮೇಲೆ ಎರಡು ಸಲ ನೀರು ಹರಿಸಬೇಕಾಗಿ ಬಂದರೆ ಅದನ್ನು ತೆಗೆದುಬಿಡುವುದೇ ಲೇಸು.

ಮೂರನೆಯದಾಗಿ, ಶೌಚಾಲಯಕ್ಕೆ ಕುಡಿಯುವ ನೀರೇ ಆಗಬೇಕೆಂದಿಲ್ಲ. ಬಟ್ಟೆ ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಸುರಿದರೆ ಸಾಕು. ಹೊಸ ಮನೆ ಕಟ್ಟುವವರು ಹೆಂಚಿನ ನೀರನ್ನು ಹಿಡಿಯುವ ತೊಟ್ಟಿಯಿಂದ ಶೌಚಾಲಯಕ್ಕೊಂದು ಪ್ರತ್ಯೇಕ ಕೊಳವೆ ಹಾಕಿಸಿಕೊಳ್ಳಬಹುದು.

ನೀರು ಹೊರುವವರು ಯಾರು?

ಈ ಉಳಿತಾಯದ ಫಲ ಹೆಚ್ಚಾಗಿ ಸಲ್ಲಬೇಕಾದುದು ಹೆಣ್ಣುಮಕ್ಕಳಿಗೆ. 1951ರ ತೋಟ ಕಾರ್ಮಿಕರ ಕಾಯಿದೆಯು ಕಾರ್ಮಿಕರಿಗೆ ಕುಡಿಯುವ ನೀರು, ಶೌಚಾಲಯ, ವಸತಿಗಳನ್ನು ಒದಗಿಸುವ ಹೊಣೆಯನ್ನು ತೋಟದ ಮಾಲೀಕರ ಮೇಲೆ ಹೊರಿಸಿತು. ಆದರೆ ಲೈನ್ ಮನೆಯ ಶೌಚಾಲಯಕ್ಕೆ ಹಳ್ಳದಿಂದ ನೀರು ಹೊತ್ತು ತರಬೇಕಾಗಿದ್ದರೆ, ಮತ್ತು ಬೇಸಿನ್ ಪ್ರತಿ ಬಾರಿಯೂ ಅರ್ಧ ಕೊಡ ನೀರನ್ನು ಕೇಳುವಂತಹದಾಗಿದ್ದರೆ, ದಿನವಿಡೀ ಹಣ್ಣು ಕುಯ್ದು ಬಂದ ತಾಯಿ ಎಷ್ಟು ಬಾರಿ ಹಳ್ಳಕ್ಕೆ ಇಳಿಯಬಲ್ಲಳು? ಕಟ್ಟಿದ ಶೌಚಾಲಯವು ಸೌದೆಯ ಕೊಟ್ಟಿಗೆಯಾಗುವುದು ಹೀಗೆಯೇ. ಎರಡು ಲೀಟರಿನ ಬೇಸಿನ್ನಾದರೆ ಒಂದು ಕೊಡದಲ್ಲಿ ಆರೇಳು ಬಾರಿಯ ಕೆಲಸ ಆಗುತ್ತದೆ. ತೋಟಗಳುಳ್ಳ ನಮ್ಮ ಬಾಂಧವರು ಲೈನ್ ಮನೆಗಳನ್ನು ದುರಸ್ತಿ ಮಾಡಿಸುವಾಗ, ನಮ್ಮ ಶಾಲೆ, ಹಾಸ್ಟೆಲು, ಇಗರ್ಜಿಯ ಸಭಾಭವನಗಳ ಆಡಳಿತದವರು ಶೌಚಾಲಯ ಕಟ್ಟಿಸುವಾಗ ಬೇಸಿನ್ನಿನ ಬಣ್ಣಕ್ಕಿಂತ ಮೊದಲು ಅದರ ಇಳಿಜಾರನ್ನು, ಅದು ಬೇಡುವ ನೀರನ್ನು ವಿಚಾರಿಸಬೇಕೆಂದು ನಮ್ಮ ವಿನಂತಿ.

2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದುದನ್ನು ಅಲ್ಲಿ ನೆಲಸಿರುವ ನಮ್ಮ ಮಕ್ಕಳ ಬಾಯಿಂದಲೇ ಕೇಳಿದ್ದೇವೆ. ಬಣಕಲ್ಲಿನ ಬಳಿ ಹರಿಯುವ ಹೇಮಾವತಿಯು ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯ ನೀರನ್ನು ಸುಮಾರು ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆತ್ತಿ ಆ ನಗರಕ್ಕೆ ಒಯ್ಯಲಾಗುತ್ತದೆ. ಅಷ್ಟು ಶ್ರಮದಿಂದ ಬಂದ ಶುದ್ಧ ನೀರಿನ ಒಂದು ಪಾಲು ಫ್ಲಶ್ ಟ್ಯಾಂಕಿನಿಂದ ಚರಂಡಿಗೆ ಇಳಿಯುತ್ತದೆ.

ನಮ್ಮಲ್ಲಿ ನೀರಿಗೆ ಅಭಾವವಾಗುವ ತಿಂಗಳುಗಳಲ್ಲಿಯೇ ತಪಸ್ಸುಕಾಲವೂ ಬರುತ್ತದೆ. ಪೋಪ್ ಫ್ರಾನ್ಸಿಸರು 2015ರ ತಮ್ಮ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ, ನೀರಿನ ಬಳಕೆಯನ್ನು ಕಡಿಮೆ ಮಾಡುವುದನ್ನು ದಿನನಿತ್ಯದ ಸಣ್ಣ ಸತ್ಕಾರ್ಯಗಳ ಸಾಲಿನಲ್ಲಿ ಸೇರಿಸಿದ್ದಾರೆ. ಮಾಂಸ, ಮದ್ಯಗಳನ್ನು ತ್ಯಜಿಸುವ ಕುಟುಂಬಗಳು ಬರುವ ಬೇಸಿಗೆಗೆ ಮುನ್ನ ತಮ್ಮ ಶೌಚಾಲಯದ ಟ್ಯಾಂಕನ್ನೊಮ್ಮೆ ತೆರೆದು ನೋಡಲಿ. ಸವೆದ ಒಂದು ರಬ್ಬರನ್ನು ಬದಲಿಸಿದರೂ ಸಾಕು, ಹಳ್ಳದಲ್ಲಿ ಅಷ್ಟು ನೀರು ಉಳಿದೀತು.